ಬಳಕೆ ರಿಜಿಸ್ಟರಿನ ದುಂಡಕ್ಷರ

ದುಂಡಗೆ ಬರೆಯುವ ಹೆಣ್ಣುಮಕ್ಕಳನ್ನು ಕಂಡರೆ ನನಗೀಗ ಮೈ ಉರಿಯುತ್ತದೆ. ಅವರ ತಪ್ಪೇನೂ ಇಲ್ಲ, ಗೊತ್ತು. ಆದರೂ ಯಾವಳಾದರೂ ಹುಡುಗಿ ಮುತ್ತು ಪೋಣಿಸಿದ ಹಾಗೆ ಬರೆದ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ನಿಂತರೆ, "ಸ್ವಲ್ಪ ಗೀಚೇ, ಕೋಳಿ ಕೆರೆದಂಗೆ ಬರಿ, ಬದುಕ್ಕೋತೀಯ" ಎಂದು ಹೇಳಬೇಕೆನಿಸುತ್ತದೆ. ಒಂದು ಸಲ ಹೇಳಿಯೂ ಬಿಟ್ಟೆ. ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಮೇಡಮ್ಮಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ನಾನು ಕುಣಿಗಲ್ ತಾಲ್ಲೂಕು ಕೊತ್ತಗೆರೆ ಹೋಬಳಿಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಇರುವುದು ತುಮಕೂರಿನಲ್ಲಿ. ದಿನಾ ಬೆಳಗ್ಗೆ ಕುಣಿಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು. ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ಸಿಕ್ಕಿದ ಆಟೋದಲ್ಲಿ ಎಂಟು ಜನರ ಮಧ್ಯೆ ಒಂದು ತೊಡೆ ಊರಿ ಕೂರಬೇಕು. ಹೀಗೆ ಹನ್ನೊಂದು ವರ್ಷ. ತುಮಕೂರಿನ ಒಳಗೇ ಒಂದು ಶಾಲೆಗೆ ವರ್ಗ ಕೇಳಿ ಅರ್ಜಿ ಹಾಕಿ ಕಾಯುತ್ತಿದ್ದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ.

ನಮ್ಮ ಶಾಲೆಗೆ ಹತ್ತು ಕಂಪ್ಯೂಟರು ಬಂದವು. ಈಗ ಏಳು ನಡೆಯುತ್ತವೆ, ಮೂರು ಬಟ್ಟೆ ಹೊದ್ದು ಮಲಗಿವೆ. ಹೆಡ್ ಮಾಸ್ಟರು ಅವನ್ನು ದೇವರ ಕೋಣೆಯಲ್ಲಿಟ್ಟ ಹಾಗೆ ಇಟ್ಟಿದ್ದಾರೆ. ಚಪ್ಪಲಿ ಹೊರಗೆ ಬಿಡಬೇಕು. ಆಯುಧಪೂಜೆಗೆ ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಬಾಗಿಲಲ್ಲಿ ರಂಗೋಲಿ ಬಿಡಿಸುವುದು ಹುಡುಗಿಯರು, ಬೂದುಗುಂಬಳಕಾಯಿ ಒಡೆಯುವುದು ಹುಡುಗರು, ಮಂಗಳಾರತಿ ಹೆಡ್ ಮಾಸ್ಟರದು. ಲ್ಯಾಬ್ ಇಂಚಾರ್ಜ್ ಯಾರು ಅಂತ ಪ್ರಶ್ನೆ ಬಂದ ದಿನ ಅವರು ಸ್ಟಾಫ್ ರೂಮಿನಲ್ಲಿ ಸುತ್ತ ನೋಡಿ, "ಲೆಕ್ಕದ ಮೇಡಮ್ಮೇ ಇರ್ಲಿ ಬುಡಿ, ಕಂಪ್ಯೂಟ್ರೂ ಲೆಕ್ಕನೇ ಅಲ್ವಾ" ಅಂದರು. ಎಲ್ಲರೂ ತಲೆಯಾಡಿಸಿದರು. ಹಾಗೆ ನಾನು ಇಂಚಾರ್ಜ್ ಆದೆ.

ನನಗೆ ಕಂಪ್ಯೂಟರ್ ಎಷ್ಟು ಗೊತ್ತಿತ್ತು? ಆನ್ ಮಾಡುವುದು, ಪಾಠದ ಫೈಲು ತೆರೆಯುವುದು, ಆಫ್ ಮಾಡುವುದು. ಅಷ್ಟೇ. ಅದಕ್ಕಿಂತ ಹೆಚ್ಚು ಒತ್ತಿದರೆ ಏನಾದರೂ ಆಗಿಬಿಡುತ್ತದೆ ಅನ್ನುವ ಭಯ. ಗುಬ್ಬಿಯಲ್ಲಿ ನಾನು ಬೆಳೆದ ಮನೆಯಲ್ಲಿ ಟೀವಿ ತಂದಾಗ ಅಪ್ಪ ಹೇಳಿದ ಮೊದಲ ಮಾತು, "ಏಯ್, ನೀನು ಮುಟ್ಬೇಡ, ನೋಡು ಅಷ್ಟೇ" ಅಂತ. ಅಣ್ಣ ಚಾನೆಲ್ ತಿರುಗಿಸುತ್ತಿದ್ದ, ಛಾವಣಿ ಹತ್ತಿ ಆಂಟೆನಾ ಅಲ್ಲಾಡಿಸುತ್ತಿದ್ದ. ನಾನು ಕೆಳಗೆ ನಿಂತು "ಬಂತು, ಬಂತು, ಹೋಯ್ತು" ಅಂತ ಕೂಗುತ್ತಿದ್ದೆ. ಎಂಎಸ್ಸಿ ಮಾಡಿದೆ, ಬಿಎಡ್ ಮಾಡಿದೆ, ಕೆಲಸಕ್ಕೆ ಸೇರಿದೆ. ಇವತ್ತಿಗೂ ನನ್ನ ಮೊಬೈಲು ಏನಾದರೂ ಹೊಸದು ಕೇಳಿದರೆ ಗಂಡನ ಕೈಗೆ ಕೊಡುತ್ತೇನೆ. ಅವರು ನೋಡದೆಯೇ ಎರಡು ಸಲ ಒತ್ತಿ ವಾಪಸ್ಸು ಕೊಡುತ್ತಾರೆ. ಅದೇನು ಒತ್ತಿದರು ಅಂತ ನಾನು ಕೇಳಿದವಳಲ್ಲ.

ಗುರುವಾರ ಹತ್ತನೇ ಕ್ಲಾಸಿಗೆ ಲ್ಯಾಬ್ ಪೀರಿಯಡ್. ಬೆಲ್ ಹೊಡೆದ ತಕ್ಷಣ ಹುಡುಗಿಯರು ಮೊದಲು ಒಳಗೆ ಹೋಗುತ್ತಿದ್ದರು. ಕಸ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿ, ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಮಡಿಚಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ಆಮೇಲೆ ಹುಡುಗರು ನುಗ್ಗಿ ಒಂದೊಂದು ಕಂಪ್ಯೂಟರಿಗೆ ಇಬ್ಬಿಬ್ಬರು ಮೂರು ಮೂರು ಜನ ಕೂರುತ್ತಿದ್ದರು. ಹುಡುಗಿಯರು ಅವರ ಬೆನ್ನ ಹಿಂದೆ ನಿಂತು, ಭುಜಗಳ ಸಂದಿಯಲ್ಲಿ ಇಣುಕಿ ನೋಡುತ್ತಿದ್ದರು. ಬೆಲ್ ಆದ ಮೇಲೆ ಮತ್ತೆ ಬಟ್ಟೆ ಹೊದಿಸುವುದು ಅವರೇ. ಇದನ್ನು ಯಾರೂ ನಿಯಮ ಮಾಡಿರಲಿಲ್ಲ. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಟೆಸ್ಟ್ ಪೇಪರ್ ತಿದ್ದುತ್ತಾ ಕೂರುತ್ತಿದ್ದೆ.

ಆ ಹುಡುಗಿಯ ಬಗ್ಗೆ ಹೇಳಬೇಕು. ಸಣಕಲು ದೇಹ, ರಿಬ್ಬನ್ ಕಟ್ಟಿ ಮೇಲಕ್ಕೆ ಮಡಿಚಿದ ಎರಡು ಜಡೆ, ಮೊದಲ ಬೆಂಚು. ಒಂದು ಸಲ ಬೋರ್ಡಿನ ಮೇಲೆ ನಾನೇ ಒಂದು ಮೈನಸ್ ಬಿಟ್ಟು ಉದ್ದಕ್ಕೂ ಲೆಕ್ಕ ಮಾಡಿಬಿಟ್ಟಿದ್ದೆ. ಇಡೀ ಕ್ಲಾಸು ಕುರಿಗಳ ಹಾಗೆ ಬರೆದುಕೊಂಡಿತು. ಅವಳು ಮಾತ್ರ ಬರೆಯಲಿಲ್ಲ. ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ಹತ್ತಿರ ಬಂದು, "ಮೇಡಂ, ಮೂರ್ನೇ ಲೈನಲ್ಲಿ ಒಂದು ಮೈನಸ್ಸು..." ಎಂದು ತಪ್ಪು ತಾನೇ ಮಾಡಿದ ಹಾಗೆ ಹೇಳಿದಳು. ಹನ್ನೊಂದು ವರ್ಷದಲ್ಲಿ ಅಂಥ ತಲೆ ಇನ್ನೊಂದು ನನಗೆ ಸಿಕ್ಕಿಲ್ಲ. ಎಂಟನೇ ಕ್ಲಾಸಿನಲ್ಲಿ ಒಂದೇ ಒಂದು ಸಲ ಅವಳು ಮೌಸಿನ ಮೇಲೆ ಕೈಯಿಟ್ಟಳು. ಅದೇ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ನಿಂತುಹೋಯಿತು. "ಲೇ, ಹುಡ್ಗೀರು ಮುಟ್ಟಿದ್ರೆ ಹ್ಯಾಂಗ್ ಆಯ್ತದೆ ಕಣ್ಲಾ!" ಅಂತ ಒಬ್ಬ ಕಿರುಚಿದ. ಕ್ಲಾಸೆಲ್ಲ ಹೋ ಅಂತ ನಕ್ಕಿತು. ನಾನೂ ನಕ್ಕೆ. ಅವಳು ಕೈಯನ್ನು ಲಂಗದ ಮಡಿಕೆಯೊಳಗೆ ಇಟ್ಟುಕೊಂಡಳು. ಮತ್ತೆ ಅವಳ ಕೈ ಆ ಕಡೆ ಹೋಗಿದ್ದನ್ನು ನಾನು ನೋಡಲಿಲ್ಲ.

ಅವಳ ಅಕ್ಷರ ಚೆಂದ ಇತ್ತಲ್ಲ, ಅದಕ್ಕೇ ರಿಜಿಸ್ಟರ್ ಅವಳ ಪಾಲಿಗೆ ಬಂತು. ಲ್ಯಾಬಿಗೆ ಒಂದು ಬಳಕೆ ರಿಜಿಸ್ಟರ್ ಇರಬೇಕು ಅಂತ ಮೇಲಿನಿಂದ ಆದೇಶ. ಯಾವ ದಿನ, ಯಾವ ವಿದ್ಯಾರ್ಥಿ, ಯಾವ ಕಂಪ್ಯೂಟರು, ಎಷ್ಟು ಹೊತ್ತು. ಹುಡುಗರಿಗೆ ಬರೆಯಲು ಕೊಟ್ಟರೆ ಅದು ರಿಜಿಸ್ಟರ್ ಹಾಗೆ ಕಾಣುತ್ತಿರಲಿಲ್ಲ. ಹೆಡ್ ಮಾಸ್ಟರು ಅವಳನ್ನು ಕರೆದು, "ಎಲ್ರ ಹೆಸ್ರೂ ಬರ್ಬೇಕು ಕಣವ್ವ. ಹುಡ್ಗೀರ್ದು ಸ್ವಲ್ಪ ಜಾಸ್ತಿನೇ ಬರಿ. ಇನ್ಸ್‌ಪೆಕ್ಷನ್‌ನೋರು ಅದ್ನೇ ಕೇಳ್ತಾರೆ" ಅಂದರು. ಅವಳು ವಾರ ವಾರ ಬರೆದಳು. ತನ್ನ ಹೆಸರು, ಕಂಪ್ಯೂಟರ್ ನಂಬರು ನಾಲ್ಕು, ನಲವತ್ತು ನಿಮಿಷ. ಮೂರು ವರ್ಷ. ಪ್ರತಿ ಪುಟದ ಕೆಳಗೆ 'ಪರಿಶೀಲಿಸಲಾಗಿದೆ' ಎಂದು ಕೆಂಪು ಶಾಯಿಯಲ್ಲಿ ಬರೆದು ಸೈನ್ ಹಾಕುತ್ತಿದ್ದವಳು ನಾನು.

ಹೋದ ವರ್ಷ ಅವಳ ಹತ್ತನೇ ಕ್ಲಾಸು ಮುಗಿಯುತ್ತ ಬಂದಾಗ ತುಮಕೂರಿನ ಒಂದು ಟ್ರಸ್ಟಿನವರು ಹಳ್ಳಿ ಮಕ್ಕಳಿಗೆ ಒಂದು ಪರೀಕ್ಷೆ ಇಟ್ಟರು. ಪಾಸಾದವರಿಗೆ ಅವರ ಪಿಯು ಕಾಲೇಜಿನಲ್ಲಿ ಸೈನ್ಸ್ ಸೀಟು, ಹಾಸ್ಟೆಲು, ಊಟ, ಎಲ್ಲ ಪುಕ್ಕಟೆ. ನಾನು ಅವಳ ಮನೆಗೇ ಹೋದೆ. ಅವರೇನು ಇಲ್ಲದವರಲ್ಲ. ತೆಂಗಿನ ತೋಟ ಇದೆ, ರಾಗಿ ಹೊಲ ಇದೆ. ದೊಡ್ಡವನು, ಅವಳ ಅಣ್ಣ, ಕುಣಿಗಲ್ಲಿನಲ್ಲಿ ಫೀಸು ಕಟ್ಟಿ ಓದುತ್ತಿದ್ದ. ಅವನ ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ಮೊಬೈಲಿತ್ತು. ಅಪ್ಪ ಜಗಲಿ ಮೇಲೆ ಕೂತು ಬಹಳ ಮರ್ಯಾದೆಯಿಂದ ಮಾತಾಡಿದರು.

"ನಾನೇನ್ ಓದ್ಸಲ್ಲ ಅಂತಿಲ್ಲ ಮೇಡಮ್ನೋರೆ. ಹಾಸ್ಟ್ಲಿರೋ ಕಡೆ ಸಿಕ್ರೆ ಹೋಗ್ಲಿ. ಗೇಟಿರ್ತದೆ, ವಾಚ್‌ಮನ್ನಿರ್ತಾನೆ. ದಿನಾ ಕುಣಿಗಲ್‌ಗೆ ಬಸ್ಸತ್ತಿ ಇಳಿಯೋದು ಮಾತ್ರ ಬ್ಯಾಡ."

"ನಿಮ್ಮ ಮಗ ಹತ್ತಿ ಇಳೀತಿದಾನಲ್ಲ?"

"ಅವ್ನು ಗಂಡುಡ್ಗ ಅಲ್ವೇ."

ಅಷ್ಟೇ ಉತ್ತರ. ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಸೀಟು ಸಿಗದಿದ್ದರೆ ಏನು ಮಾಡುತ್ತೀರಿ ಎಂದೆ. "ಮನೇಲಿರ್ತಾಳೆ. ಅವ್ರವ್ವಂಗೂ ಕೈಲಾಗಕಿಲ್ಲ. ಒಂದೆರಡು ವರ್ಷ ಕಳುದ್ರೆ ಎಲ್ಲಾರ ಒಂದ್ಕಡೆ ನೋಡೋದು" ಅಂದರು. ಅವಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹೊರಡುವಾಗ ದಾರಿಯವರೆಗೂ ಬಂದು, "ಮೇಡಂ, ಬರೀತೀನಿ ಮೇಡಂ, ಚೆನ್ನಾಗ್ ಬರೀತೀನಿ" ಅಂದಳು. ಕುಂಕುಮ, ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದರು ಆ ಮನೆಯವರು. ಕಾಯಿಗಳನ್ನು ದಾರಿಯಲ್ಲಿ ಎಸೆದುಬಿಡುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ, ಮನೆಗೆ ತಂದು ಚಟ್ನಿ ಮಾಡಿದೆ.

ಅರ್ಜಿಯಲ್ಲಿ ಮೊಬೈಲ್ ನಂಬರು ಕೇಳಿದ್ದರು. ಶಾಲೆಯ ದಾಖಲೆಯಲ್ಲಿದ್ದ ನಂಬರನ್ನೇ ಹಾಕಿದೆ. ಅದು ಅವಳ ಅಣ್ಣನದು. ನಮ್ಮ ಶಾಲೆಯ ಯಾವ ಹುಡುಗಿಯ ಹೆಸರಿನ ಮುಂದಿರುವ ನಂಬರೂ ಅವಳದ್ದಲ್ಲ. ಅಪ್ಪ, ಅಣ್ಣ, ಚಿಕ್ಕಪ್ಪ, ಮಾವ. ಪರೀಕ್ಷೆಗೆ ಹದಿನೈದು ದಿನ ಮುಂಚೆ ಟ್ರಸ್ಟಿನವರು ಆ ನಂಬರಿಗೆ ಅಭ್ಯಾಸ ಪರೀಕ್ಷೆಯ ಲಿಂಕು ಕಳಿಸಿದ್ದರಂತೆ. ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. "ಯಾವ್ದೋ ಲಿಂಕ್ ಬಂದಿತ್ತು ಮೇಡಂ. ಫ್ರಾಡ್ ಇರ್ಬೇಕು ಅಂತ ಡಿಲೀಟ್ ಮಾಡ್ದೆ. ಅವ್ಳಿಗೆ ಯಾರ್ ಮೆಸೇಜ್ ಮಾಡ್ತಾರೆ?" ಅಂದ ಆ ಮಹಾರಾಯ.

ಅದೇ ಪರೀಕ್ಷೆಗೆ ನಮ್ಮ ಶಾಲೆಯಿಂದ ಒಬ್ಬ ಹುಡುಗನೂ ಬರೆದ. ಗಣಿತದಲ್ಲಿ ಅವನು ಐದನೆಯವನೋ ಆರನೆಯವನೋ. ಆದರೆ ನನ್ನ ಕ್ಲಾಸಿನಲ್ಲಿ ಮೌಸ್ ಅವನದು. ನಾನು ಪ್ರಶ್ನೆಗಳನ್ನು ದೊಡ್ಡ ಪರದೆಯ ಮೇಲೆ ಹಾಕಿ ಲೆಕ್ಕ ಮಾಡಿಸುತ್ತಿದ್ದೆ. ಮಕ್ಕಳು ಪರದೆ ನೋಡಿ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. "ಬಾರ್ಲಾ, ಮುಂದಕ್ಕೆ ಹಾಕು" ಅಂದರೆ ಆ ಹುಡುಗ ಬಂದು ಕೂತು ಒಂದೊಂದೇ ಪ್ರಶ್ನೆ ಮುಂದೆ ಹಾಕುತ್ತಿದ್ದ. ಮೂರು ವರ್ಷವೂ ಅವನನ್ನೇ ಕರೆದೆ. ಯಾಕೆ ಅವನನ್ನೇ ಅಂತ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಪರೀಕ್ಷೆ ಇದ್ದದ್ದು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಭಾನುವಾರ. ಇಬ್ಬರನ್ನೂ ಒಳಗೆ ಕಳಿಸಿ ನಾನು ಹೊರಗೆ ಹೊಂಗೆ ಮರದ ಕೆಳಗೆ ಕೂತೆ. ಎರಡು ಗಂಟೆ ಆದಮೇಲೆ ಮಕ್ಕಳು ಹೊರಗೆ ಬಂದರು. ಹುಡುಗ ಚಿಪ್ಸ್ ಕೊಳ್ಳಲು ಓಡಿದ. ಅವಳು ನಗುನಗುತ್ತಾ ಬಂದಳು. ಕೈಯಲ್ಲಿ ಒಂದು ಹಾಳೆ.

"ಸುಲಭ ಇತ್ತು ಮೇಡಂ. ಎಲ್ಲಾ ಮಾಡ್ದೆ. ಆದ್ರೆ ಪೇಪರ್ ಕೊಡಕ್ಕೋದ್ರೆ ಬೇಡ ಅಂದ್ಬುಟ್ರು, ನೀನೇ ಮಡಿಕ್ಕೋ ಅಂದ್ರು. ಯಾಕ್ ಮೇಡಂ?"

ಹಾಳೆ ಇಸಿದುಕೊಂಡು ನೋಡಿದೆ. ಒಂದರಿಂದ ಐವತ್ತರವರೆಗೆ ಪ್ರಶ್ನೆ ಸಂಖ್ಯೆ, ಮುಂದೆ ಉತ್ತರ. ಅದೇ ದುಂಡಕ್ಷರ. ಸ್ಕೇಲಿಟ್ಟು ಗೆರೆ ಹಾಕಿದ್ದಳು. ಮೇಲೆ ತನ್ನ ಹೆಸರು, ಶಾಲೆಯ ಹೆಸರು.

"ಕಂಪ್ಯೂಟರಲ್ಲಿ ಒತ್ತಿದ್ಯೇನೇ?" ಅಂದೆ.

"ಎಲ್ಲಿ ಮೇಡಂ?"

"ಪ್ರಶ್ನೆ ಕೆಳಗೆ ನಾಕು ಉತ್ತರ, ಒಂದೊಂದರ ಮುಂದೆ ಒಂದು ಸೊನ್ನೆ ಇರುತ್ತಲ್ಲೇ. ಸರಿಯಾದ್ದರ ಮೇಲೆ ಒತ್ತಬೇಕು."

ಅವಳ ನಗು ನಿಂತಿತು. "ಕೀಬೋರ್ಡು ಯಾರೂ ಮುಟ್ಬೇಡಿ ಅಂದ್ರು ಮೇಡಂ. ಇದ್ನ ತಿರುಗ್ಸಿದ್ರೆ ಪ್ರಶ್ನೆ ಬರ್ತವೆ ಅಂತ ಮೌಸಿನ ಚಕ್ರ ತೋರ್ಸಿದ್ರು. ಹಂಗೇ ಮಾಡ್ದೆ. ಕಂಪ್ಯೂಟರಲ್ಲಿ ನೋಡೋದು, ಹಾಳೇಲಿ ಬರಿಯೋದು ಅಲ್ವಾ ಮೇಡಂ? ಕ್ಲಾಸಲ್ಲಿ ನಾವು ಹಂಗೇ ಅಲ್ವಾ ಮಾಡೋದು?"

ಅಯ್ಯೋ ದೇವರೇ. ನಾನು ಆ ಹಾಳೆ ಹಿಡಿದುಕೊಂಡು ಪರೀಕ್ಷೆಯ ಕೋಣೆಯೊಳಕ್ಕೆ ಓಡಿದೆ. ಐವತ್ತು ವರ್ಷಕ್ಕೆ ಹತ್ತಿರವಾದ ಹೆಂಗಸು, ಸೀರೆ ಎತ್ತಿ ಹಿಡಿದು, ಕಾಲೇಜು ಮೆಟ್ಟಿಲ ಮೇಲೆ. ಒಳಗಿದ್ದ ಮೇಲ್ವಿಚಾರಕ ಕಂಪ್ಯೂಟರುಗಳನ್ನು ಒಂದೊಂದಾಗಿ ಆಫ್ ಮಾಡುತ್ತಿದ್ದ. "ಮೇಡಂ, ಸಿಸ್ಟಮ್ ಕ್ಲೋಸ್ ಆಯ್ತು. ಅದು ರಫ್ ಶೀಟ್, ನಮ್ಗದು ಲೆಕ್ಕಕ್ಕಿಲ್ಲ. ಸೂಚನೆ ಎಲ್ಲಾ ಸ್ಕ್ರೀನ್ ಮೇಲೇ ಇತ್ತಲ್ಲ" ಅಂದ. ಸೂಚನೆ ಇಂಗ್ಲಿಷಿನಲ್ಲಿತ್ತು. ನನಗೆ ಬಂದ ಸಿಟ್ಟಿಗೆ ಅವನಿಗೆ ಬಾಯಿಗೆ ಬಂದ ಹಾಗೆ ಅಂದೆ. ಪಾಪ, ಅವನದೇನು ತಪ್ಪು? ಅಲ್ಲಿದ್ದವನು ಅವನೊಬ್ಬ, ಅದಕ್ಕೇ ಅಂದೆ.

ಮನೆಗೆ ಬಂದು ಹಾಳೆ ತಿದ್ದಿದೆ. ಅವಳು ನೆನಪಿನಿಂದ ಹೇಳಿದ ಪ್ರಶ್ನೆ, ಹುಡುಗ ಹೇಳಿದ ಪ್ರಶ್ನೆ ಎಲ್ಲ ಸೇರಿಸಿಕೊಂಡು ಕೂತೆ. ಐವತ್ತಕ್ಕೆ ನಲವತ್ತಾರು ಸರಿ. ಹತ್ತು ದಿನಕ್ಕೆ ಫಲಿತಾಂಶ ಬಂತು. ಅವಳ ಹೆಸರಿನ ಮುಂದೆ ಸೊನ್ನೆ. ಹುಡುಗನಿಗೆ ಇಪ್ಪತ್ತೊಂಬತ್ತು, ಸೀಟು ಸಿಕ್ಕಿತು. ಹೆಡ್ ಮಾಸ್ಟರು ಪೇಡ ತರಿಸಿದರು. ಗೇಟಿಗೆ ಅವನ ಫೋಟೋ ಹಾಕಿದ ಫ್ಲೆಕ್ಸ್ ಕಟ್ಟಿಸಿದರು. ಫ್ಲೆಕ್ಸಿನ ಮೂಲೆಯಲ್ಲಿ ಮಾರ್ಗದರ್ಶಕರು ಅಂತ ನನ್ನ ಫೋಟೋ ಕೂಡ. ಅದನ್ನು ನೋಡಿದಾಗಲೆಲ್ಲ ಥೂ ಅಂತ ಉಗಿಯಬೇಕೆನಿಸುತ್ತಿತ್ತು. ಯಾರ ಮೇಲೆ ಅಂತ ಕೇಳಬೇಡಿ.

ಟ್ರಸ್ಟಿನ ಆಫೀಸಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡು ಸಮಾಧಾನವಾಗಿ ಕೇಳಿಸಿಕೊಂಡರು. ಮಾರನೆಯ ದಿನ ಅವರೇ ವಾಪಸ್ಸು ಫೋನ್ ಮಾಡಿದರು. "ಕಂಪ್ಯೂಟರ್ ಅಭ್ಯಾಸ ಇಲ್ಲದ ಮಕ್ಕಳಿಗೆ ನಾವು ಪೇಪರ್ ಮೇಲೆ ಇನ್ನೊಂದು ಪರೀಕ್ಷೆ ಮಾಡ್ತಾ ಇದೀವಿ ಮೇಡಂ. ಆದ್ರೆ ನಿಮ್ಮ ಶಾಲೆಯಿಂದ ಅರ್ಜಿ ಜೊತೆಗೇ ಲ್ಯಾಬ್ ಇದೆ, ಮಕ್ಕಳು ಬಳಸ್ತಾರೆ ಅಂತ ರಿಜಿಸ್ಟರ್ ಕಾಪಿ ಕಳಿಸಿದೀರಲ್ಲ? ಅದರಲ್ಲಿ ಈ ಹುಡುಗಿ ಹೆಸರೇ ಎಲ್ಲರಿಗಿಂತ ಜಾಸ್ತಿ ಇದೆ. ಆ ಹುಡುಗಿ ಬಳಸೇ ಇಲ್ಲ, ರಿಜಿಸ್ಟರ್ ಸರಿಯಿಲ್ಲ ಅಂತ ಒಂದು ಲೆಟರ್ ಕೊಡಿ. ಹೆಡ್ ಮಾಸ್ಟರ್ ಆಗ್ಬೇಕಂತಿಲ್ಲ, ಲ್ಯಾಬ್ ನೋಡ್ಕೊಳೋ ಟೀಚರ್ ಸೈನ್ ಇದ್ರೆ ಸಾಕು. ಶುಕ್ರವಾರದೊಳಗೆ ಬರ್ಲಿ."

ಹೆಡ್ ಮಾಸ್ಟರ ರೂಮಿಗೆ ಜಗಳಕ್ಕೆಂದೇ ಹೋದೆ. ಮೂರು ವರ್ಷ ನುಂಗಿಕೊಂಡಿದ್ದನ್ನೆಲ್ಲ ಕಕ್ಕಿದೆ. ಹುಡುಗಿಯರ ಕೈಲಿ ಕಸ ಹೊಡೆಸಿದಿರಿ, ರಂಗೋಲಿ ಹಾಕಿಸಿದಿರಿ, ಸುಳ್ಳು ಬರೆಸಿದಿರಿ, ಒಬ್ಬಳ ಕೈಗಾದರೂ ಒಂದು ದಿನ ಮೌಸ್ ಕೊಟ್ಟಿರಾ ಸಾರ್ ಅಂದೆ. ಆ ಮನುಷ್ಯ ಸಿಟ್ಟು ಮಾಡಿಕೊಳ್ಳುವ ಜಾತಿಯಲ್ಲ. ಬೀರುವಿನಿಂದ ರಿಜಿಸ್ಟರ್ ತೆಗೆದು ನನ್ನ ಮುಂದೆ ಬಿಡಿಸಿಟ್ಟರು.

"ಮೇಡಮ್ನೋರೆ, ಇದ್ರಲ್ಲಿ ನನ್ ಸೈನ್ ಎಲ್ಲೈತೆ ತೋರ್ಸಿ. ಒಂದ್ ಪುಟದಲ್ಲಿ ತೋರ್ಸಿ."

ಪುಟ ಪುಟ ತಿರುವಿದೆ. ಕೆಂಪು ಶಾಯಿ. ಪರಿಶೀಲಿಸಲಾಗಿದೆ, ಪರಿಶೀಲಿಸಲಾಗಿದೆ, ಪರಿಶೀಲಿಸಲಾಗಿದೆ. ನನ್ನ ಸೈನು, ಕೆಳಗೆ ಎರಡು ಚುಕ್ಕಿ.

"ಲೆಟ್ರು ಕೊಡಿ, ಬೇಡ ಅನ್ನಕ್ಕೆ ನಾನ್ಯಾರು?" ಅಂದರು. "ನಾಳೆ ಬಿಇಒ ಆಫೀಸಿಂದ ಯಾಕ್ ಸುಳ್ ಸೈನ್ ಹಾಕಿದ್ರಿ ಅಂತ ಕೇಳಿದ್ರೆ ಉತ್ರ ನಿಮ್ದು. ನಿಮ್ ಟ್ರಾನ್ಸ್‌ಫರ್ ಬೇರೆ ಪೆಂಡಿಂಗ್ ಐತೆ. ಯೋಚ್ನೆ ಮಾಡಿ." ಬೆದರಿಸುವ ದನಿಯಲ್ಲ. ಮಳೆ ಬರೋ ಹಂಗಿದೆ, ಛತ್ರಿ ತಗೊಳ್ಳಿ ಅನ್ನುವಂಥ ದನಿ.

ಮಂಗಳವಾರ ಅವಳನ್ನು ಶಾಲೆಗೆ ಕರೆಸಿದೆ. ರಜೆ, ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಲೆಟರನ್ನು ನಾನೇ ಒಂದು ಹಳೇ ಹಾಳೆಯ ಮೇಲೆ ಗೀಚಿಕೊಂಡಿದ್ದೆ. ಶುದ್ಧ ಪ್ರತಿ ಬರೆಯಲು ಅವಳ ಕೈಗೆ ಕೊಟ್ಟೆ. ಹೌದು, ಆಗಲೂ ಅವಳಿಗೇ ಕೊಟ್ಟೆ. ಅಕ್ಷರ ಚೆನ್ನಾಗಿರುತ್ತದಲ್ಲ, ಓದುವವರಿಗೆ ಒಳ್ಳೆಯ ಅಭಿಪ್ರಾಯ ಬರಲಿ ಅಂತ. ಅವಳು ಬೆನ್ನು ಬಗ್ಗಿಸಿ ಕೂತು ಬರೆದಳು. 'ಸದರಿ ವಿದ್ಯಾರ್ಥಿನಿಯು ಮೂರು ವರ್ಷಗಳಲ್ಲಿ ಒಮ್ಮೆಯೂ ಕಂಪ್ಯೂಟರನ್ನು ಬಳಸಿರುವುದಿಲ್ಲ. ಬಳಕೆ ರಿಜಿಸ್ಟರಿನಲ್ಲಿ ಆಕೆಯ ಹೆಸರಿನಲ್ಲಿರುವ ನಮೂದುಗಳು ನಿಜವಲ್ಲ. ಅವುಗಳಿಗೆ ನಾನು ಪರಿಶೀಲಿಸದೆ ಸಹಿ ಮಾಡಿರುತ್ತೇನೆ.' ಬರೆದು ಮುಗಿಸಿ, ಒಂದು ಸಲ ಓದಿ, ತಲೆಯೆತ್ತಿದಳು.

"ಮೇಡಂ, ಇದಕ್ಕೆ ಸೈನ್ ಹಾಕಿದ್ರೆ ನಿಮ್ಗೆ ತೊಂದ್ರೆ ಆಗಲ್ವಾ?"

"ಏನೂ ಆಗಲ್ಲ ಕಣೇ. ಆದ್ರೆ ಆಗ್ಲಿ" ಅಂದೆ.

"ಒಂದ್ಸಲಾನೂ ಬಳಸಿಲ್ಲ ಅಂತ ಬರ್ದಿದೀವಿ. ಎಂಟ್ನೇ ಕ್ಲಾಸಲ್ಲಿ ಒಂದ್ಸಲ ಮುಟ್ಟಿದ್ದೆ ಮೇಡಂ. ಹ್ಯಾಂಗಾಗಿತ್ತಲ್ಲ, ಅವತ್ತು" ಅಂದಳು. ಲೆಟರಿನಲ್ಲಿ ಅಷ್ಟು ಸುಳ್ಳೂ ಇರಬಾರದು ಅಂತ ಅವಳಿಗೆ. ನನಗೆ ಅಳು ಬಂತು, ಅವಳ ಮುಂದೆ ತೋರಿಸಬಾರದು ಅಂತ ಬೈದೆ. "ಸುಮ್ನಿರೇ, ಅದನ್ನೆಲ್ಲ ಯಾರ್ ಕೇಳ್ತಾರೆ." ಆಮೇಲೆ ಮೆಲ್ಲಗೆ ಕೇಳಿದೆ, ಯಾಕೆ ಒಂದು ದಿನವೂ ನಾನೂ ಕೂರ್ತೀನಿ ಅಂತ ಕೇಳಲಿಲ್ಲ ನೀನು ಅಂತ.

"ನೀವು ಕರೀತೀರ ಅಂತ ಇದ್ದೆ ಮೇಡಂ."

ಅಪ್ಪಟ ಸತ್ಯ ಹೇಳುವವರ ಧ್ವನಿ ಜೋರಾಗಿರುವುದಿಲ್ಲ. ಅವಳು ಪೆನ್ನಿನ ಕ್ಯಾಪ್ ಹಾಕಿ ನನ್ನ ಕಡೆ ಸರಿಸಿದಳು. ನಾನು ಲೆಟರು ಮಡಿಚಿ ಬ್ಯಾಗಿನೊಳಗಿಟ್ಟು, "ಮನೇಲಿ ಇನ್ನೊಂದ್ಸಲ ಓದಿ ಸೈನ್ ಹಾಕಿ ಕಳಿಸ್ತೀನಿ, ನೀನು ಹೋಗು" ಅಂದೆ.

ಮಂಗಳವಾರ ಸಂಜೆ ಗಂಡನಿಗೆ ಹೇಳಿದೆ. "ಊರ ಉಸಾಬರಿ ನಿಂಗ್ಯಾಕೆ? ವರ್ಷ ವರ್ಷ ಇಂಥ ನೂರು ಹುಡುಗೀರು ಬರ್ತಾರೆ. ವರ್ಗ ಆಗೋ ಹೊತ್ತಲ್ಲಿ ನೋಟಿಸ್ ತಗೋತೀಯಾ?" ಅಂದರು. ಅವರ ಮೇಲೆ ಕೂಗಾಡಿದೆ. ಕೂಗಾಡಿದ್ದರಿಂದ ನಾನು ಒಳ್ಳೆಯವಳು ಅನ್ನುವ ಸಮಾಧಾನ ಸಿಕ್ಕಿತು, ಲೆಟರು ಬ್ಯಾಗಿನಲ್ಲೇ ಉಳಿಯಿತು. ಬುಧವಾರ ತಲೆನೋವು ಅಂದುಕೊಂಡೆ. ಗುರುವಾರ ಪೋಸ್ಟಿನಲ್ಲಿ ಹಾಕುವುದೋ ಕೈಗೇ ಕೊಡುವುದೋ ಅಂತ ಯೋಚಿಸಿದೆ, ಟ್ರಸ್ಟಿನ ಆಫೀಸು ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಶುಕ್ರವಾರ ಆ ಹೆಂಗಸು ಎರಡು ಸಲ ಫೋನ್ ಮಾಡಿದರು. ಮೊಬೈಲು ಮೇಜಿನ ಮೇಲೆ ಗುರುಗುಟ್ಟುತ್ತಾ ಸರಿದಾಡುವುದನ್ನು ನೋಡುತ್ತಾ ಕೂತೆ. ಮುಟ್ಟಲಿಲ್ಲ.

ವರ್ಗವೂ ಆಗಲಿಲ್ಲ. ನನಗಿಂತ ಸೀನಿಯರ್ ಒಬ್ಬರಿಗೆ ಆಯಿತು. ಆ ವಿಷಯಕ್ಕೆ ಮಾತ್ರ ನನಗೆ ಸ್ವಲ್ಪವೂ ಬೇಜಾರಾಗಲಿಲ್ಲ, ಒಳ್ಳೇದೇ ಆಯಿತು ಅನ್ನಿಸಿತು.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನಾನು ಲ್ಯಾಬಿನಲ್ಲಿ ಕೂಗಾಡುವುದಕ್ಕೆ ಶುರುಮಾಡಿದೆ. ಪೊರಕೆಯನ್ನು ಹುಡುಗರ ಕೈಗೆ ಕೊಟ್ಟೆ. ಹುಡುಗಿಯರನ್ನು ಕುರ್ಚಿಯ ಮೇಲೆ ಕೂರಿಸಿ, ಒತ್ತು, ಕೆಟ್ಟೋದ್ರೆ ಕೆಟ್ಟೋಗ್ಲಿ, ಒತ್ತೇ ಅಂತ ಗದರಿಸಿದೆ. ಹೆಡ್ ಮಾಸ್ಟರು ಬಾಗಿಲಲ್ಲಿ ನಿಂತು ನೋಡಿ ಹೋದರು. ಒಬ್ಬ ಹುಡುಗನ ತಾಯಿ ಬಂದು, "ಗಂಡುಡ್ಗನ್ ಕೈಲಿ ಕಸ ಹೊಡುಸ್ತೀರಾ" ಅಂತ ಜಗಳ ಮಾಡಿದಳು. ನಾನೂ ಸರಿಯಾಗಿಯೇ ಜಗಳ ಮಾಡಿದೆ. ಇಷ್ಟು ಧೈರ್ಯ ಆ ಶುಕ್ರವಾರ ಎಲ್ಲಿ ಸತ್ತಿತ್ತು?

ಅದೇ ತಿಂಗಳ ಕೊನೆಗೆ ಅವಳು ಟಿ.ಸಿ. ತೆಗೆದುಕೊಂಡು ಹೋಗಲು ಬಂದಳು. ಯೂನಿಫಾರಂ ಇಲ್ಲ, ಚೂಡಿದಾರ, ಒಂದೇ ಜಡೆ. ಬೆರಳುಗಳಲ್ಲಿ ಹಲಸಿನ ಮೇಣದ ಕಪ್ಪು. ಯಾವ ಕಾಲೇಜಿಗೂ ಸೇರಿಲ್ಲ, ಅಪ್ಪ ಕಾಗದ ಎಲ್ಲಾ ಈಸ್ಕೊಂಡ್ ಬಾ ಅಂದ್ರು, ಮಡಗಿರ್ಬೇಕಂತೆ ಅಂದಳು. ಆಮೇಲೆ ಕೇಳಿದಳು.

"ಮೇಡಂ, ಆ ಲೆಟ್ರು ಕಳಿಸಿದ್ರಾ?"

"ಕಳಿಸ್ದೆ ಕಣೇ" ಅಂದೆ. "ಅವರೇ ಆಗಲ್ಲ ಅಂದ್ಬಿಟ್ರು."

"ಹೋಗ್ಲಿ ಬುಡಿ ಮೇಡಂ. ನೀವು ನಂಗೋಸ್ಕರ ಅಷ್ಟು ಬರ್ದು ಸೈನ್ ಹಾಕಿದ್ರಲ್ಲ, ನಮ್ಮನೇಲೂ ಯಾರೂ ಅಷ್ಟ್ ಮಾಡಲ್ಲ" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು.

ಲೆಟರು ಆಗಲೂ ನನ್ನ ಬ್ಯಾಗಿನಲ್ಲೇ ಇತ್ತು, ಅವಳ ತಲೆಯಿಂದ ಒಂದು ಗೇಣು ದೂರದಲ್ಲಿ. ಟಿ.ಸಿ. ರಿಜಿಸ್ಟರ್ ಬಿಡಿಸಿ ಎಲ್ಲಿ ಬರೆಯಬೇಕು ಅಂತ ತೋರಿಸಿದೆ. 'ಸ್ವೀಕರಿಸಿದ್ದೇನೆ' ಎಂದು ದುಂಡಗೆ ಬರೆದು ಹೆಸರು ಹಾಕಿದಳು. ಅದರ ಕೆಳಗೆ ಕ್ಲಾಸ್ ಟೀಚರಾಗಿದ್ದ ನನ್ನ ಸೈನು ಬೇಕಿತ್ತು. ಹಾಕಿದೆ. ಕೆಳಗಿನ ಎರಡು ಚುಕ್ಕಿಯನ್ನೂ ಇಟ್ಟೆ.